ಎಸರು ಕುದಿಯುವವರೆಗೆ

ನಮ್ಮ ಮನೆಯಲ್ಲಿ ನಾನು ಅಂಜುತ್ತಿದ್ದದ್ದು ಕತ್ತಲೆಗಲ್ಲ, ಬೆಳಕಿಗೆ. ಯಲಬುರ್ಗಾ ಮತ್ತು ಕುಷ್ಟಗಿಯ ನಡುವೆ, ಎರೆಹೊಲಗಳ ಮಧ್ಯೆ ಇದ್ದ ಊರು ನಮ್ಮದು. ಮಣ್ಣಿನ ಮಾಳಿಗೆ ಮನೆ, ಕಿಟಕಿ ಒಂದೂ ಇಲ್ಲ. ತಲೆಬಾಗಿಲು ದಾಟಿದರೆ ದನ ಕಟ್ಟುವ ದಂದಕ್ಕಿ, ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ಪಡಸಾಲೆಯ ಬಲಕ್ಕೆ ಅಡುಗೆಮನೆ, ಎಡಕ್ಕೆ ಬಚ್ಚಲು. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ತಲೆಬಾಗಿಲಿನ ಎದುರೇ ಹಾದುಹೋಗಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಅಪ್ಪನ ತಂಗಿ, ನಮ್ಮ ಪಾರವ್ವತ್ತಿಯ ಬಾಳು ಕೆಟ್ಟದ್ದು ಆ ಆರೇಳು ಹೆಜ್ಜೆಯ ಪಡಸಾಲೆಯಲ್ಲಿ. ಪಡಸಾಲೆಯ ನಡುವೆ ಮಾಳಿಗೆಗೆ ಒಂದು ಬೆಳಕಿಂಡಿ ಇತ್ತು. ಮಧ್ಯಾಹ್ನ ಉಂಡು ಕೈತೊಳೆಯುವ ಹೊತ್ತಿಗೆ ಅದರಿಂದ ಬಿಸಿಲು ನೇರ ಇಳಿದು ನೆಲದ ಮೇಲೆ ಊಟದ ಗಂಗಾಳದಷ್ಟು ಅಗಲ ಬೀಳುತ್ತಿತ್ತು. ಗಂಡಸರು ಹೊಲಕ್ಕೆ ಹೋದ ಮೇಲೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಆ ಬಿಸಿಲಿನಲ್ಲಿ ಪಾರವ್ವತ್ತಿಯನ್ನು ಕೂಡಿಸುತ್ತಿದ್ದಳು.

"ಮಾರಿ ಎತ್ತು."

ಅತ್ತಿ ಎತ್ತುತ್ತಿದ್ದಳು. ಆಯಿ ಹೆಬ್ಬೆರಳಿನಿಂದ ಅವಳ ಗದ್ದವನ್ನು ಕೆಳಗಿನಿಂದ ಮೇಲಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ ಸವರುತ್ತಿದ್ದಳು. ಕಣ್ಣಿಗಿಂತ ಬೆರಳಿನ ಮೇಲೆ ಅವಳಿಗೆ ಹೆಚ್ಚು ನಂಬಿಕೆ. ಬೆರಳಿಗೆ ಏನಾದರೂ ತಾಗಿತೆಂದರೆ ಆಯಿಯ ಮುಖ ಕಪ್ಪಿಡುತ್ತಿತ್ತು. ಅತ್ತಿಯ ಗದ್ದದ ಮೇಲೆ, ದವಡೆಯ ಎರಡೂ ಬದಿಗೆ ಕೂದಲು ಬೆಳೆಯುತ್ತಿತ್ತು. ಸುಮ್ಮನೆ ನುಣುಪಿನ ರೋಮವಲ್ಲ, ಹದಿನಾರರ ಹುಡುಗನ ಹಾಗೆ ಕರಿ ಕೂದಲು. ಮನೆಯಲ್ಲಿ ಆ ಮಾತನ್ನು ಯಾರೂ ಹೆಸರಿಟ್ಟು ಆಡುತ್ತಿರಲಿಲ್ಲ. 'ಅದು' ಎನ್ನುತ್ತಿದ್ದರು. 'ಅದು ಬಂದೈತೇನ ನೋಡು' ಎಂದರೆ ನನಗೆ ಒಳಗೆ ಯಾವುದೋ ಹಾವು ಹೊಕ್ಕಂತೆ ಆಗುತ್ತಿತ್ತು. ಮನೆಯಲ್ಲಿದ್ದ ಒಂದೇ ಕನ್ನಡಿಯನ್ನು ಆಯಿ ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳು.

ಪ್ರತಿ ಸೋಮವಾರ ಬಚ್ಚಲಲ್ಲಿ ಕೀಳುವ ಕೆಲಸ. ಸಗಣಿ ಕುಳ್ಳಿನ ಬೂದಿಯನ್ನು ಬೆರಳಿಗೆ ಹಚ್ಚಿಕೊಂಡರೆ ಕೂದಲು ಜಾರುವುದಿಲ್ಲ. ಆಯಿ ಒಂದೊಂದಾಗಿ ಎಳೆಯುತ್ತಿದ್ದಳು. ಅತ್ತಿ ತುಟಿಪಿಟಕ್ಕೆನ್ನುತ್ತಿರಲಿಲ್ಲ, ಅವಳ ಕಾಲ್ಬೆರಳು ಮಾತ್ರ ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಅಷ್ಟು ಹೊತ್ತೂ ನಾನು ತಲೆಬಾಗಿಲು ಕಾಯಬೇಕು. ಯಾರೇ ಬಂದರೂ ಹೊಸ್ತಿಲಿಗೇ ನಿಲ್ಲಿಸಿ, ಬೇಡಿದ್ದು ಕೊಟ್ಟು, ಕಳಿಸಬೇಕು. ಏಳು ವರ್ಷದವಳಿದ್ದಾಗಿನಿಂದ ನನಗೆ ಆ ಚಾಕರಿ. ನಮ್ಮ ಅವ್ವ ಈ ವಿಷಯದಲ್ಲಿ ಬಾಯಿ ಹಾಕುತ್ತಿರಲಿಲ್ಲ, ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿಬಿಡುತ್ತಿದ್ದಳು. ಒಮ್ಮೆ ನಾನೇ ಆಯಿಯನ್ನು ಕೇಳಿದ್ದೆ, ಯಾರಾದರೂ ನೋಡಿದರೆ ಏನಾಗುತ್ತದೆ ಎಂದು.

"ಮೀಸಿ ಇದ್ದ ಹೆಂಗಸು ಗಂಡನ್ನ ತಿಂತಾಳಂತ ಊರು ಆಡಿಕೊಂತೈತಿ. ಆಮ್ಯಾಲೆ ನಿನ್ನ ಅತ್ತಿ ಈ ಮನ್ಯಾಗ ಕೊಳೀತಾಳ. ಆಕಿ ಹಿಂದ ನಿನ್ನೂ ಯಾರೂ ಕೇಳಂಗಿಲ್ಲ. ತಿಳೀತಿಲ್ಲೊ?"

ತಿಳಿಯಿತು. ಅಷ್ಟು ಚೆನ್ನಾಗಿ ತಿಳಿಯಿತೆಂದರೆ, ಅಂದಿನಿಂದ ನಾನು ಉಣ್ಣುವಾಗಲೂ ಎಡಗೈಯಿಂದ ನನ್ನ ಗದ್ದ ಮುಟ್ಟಿ ನೋಡಿಕೊಳ್ಳಲು ಶುರುಮಾಡಿದೆ.

ಅತ್ತಿ ಅಳುಬುರುಕಿ ಎಂದುಕೊಳ್ಳಬೇಡಿ. ಅವಳಂಥ ಮಾತಿನಮಲ್ಲಿ ನಮ್ಮ ಓಣಿಯಲ್ಲೇ ಇರಲಿಲ್ಲ. ಪಕ್ಕದ ಮನೆಯ ನಿಂಗವ್ವ ಸೊಂಟದ ಮೇಲೆ ಕೈಯಿಟ್ಟು ನಡೆಯುವುದನ್ನು, ಮಾತಿಗೊಮ್ಮೆ 'ನಾ ಯಾರಿಗೂ ಹೇಳಂಗಿಲ್ಲ ತಗೀರಿ' ಎನ್ನುವುದನ್ನು ಹಾಗೆಯೇ ಮಾಡಿ ತೋರಿಸುತ್ತಿದ್ದಳು. ನಿಂಗವ್ವನ ಕಿವಿಗೆ ಬೆಳಿಗ್ಗೆ ಬಿದ್ದ ಮಾತು ಸಂಜೆಗೆ ಕುಷ್ಟಗಿ ಸಂತೆ ಮುಟ್ಟುತ್ತಿತ್ತು. ಅತ್ತಿ ಅವಳ ಹಾಗೆ ಕಣ್ಣು ತಿರುಗಿಸಿದರೆ ನಾನು ಬಾಯೊಳಗಿನ ಪುಂಡಿಪಲ್ಲೆ ಉಗುಳುವಷ್ಟು ನಗುತ್ತಿದ್ದೆ. ನಕ್ಕದ್ದು ಹೆಚ್ಚಾದರೆ ಆಯಿ ಅಡುಗೆಮನೆಯಿಂದ ಒಂದೇ ಮಾತು ಎಸೆಯುತ್ತಿದ್ದಳು: 'ಹಲ್ಲು ಕಾಣ್ಸಿದ್ರ ಗದ್ದಾನೂ ಕಾಣ್ತೈತಿ.' ಅತ್ತಿ ತಟ್ಟನೆ ಸೆರಗು ಮೇಲೆ ಎಳೆದುಕೊಳ್ಳುತ್ತಿದ್ದಳು. ಆಗ ನನಗೆ ಆಯಿಯ ಮೇಲೆ ಬರುತ್ತಿದ್ದ ಸಿಟ್ಟು ಈ ವಯಸ್ಸಿನಲ್ಲೂ ಪೂರಾ ಆರಿಲ್ಲ.

ನನಗೆ ಹತ್ತು ವರ್ಷ, ಅತ್ತಿಗೆ ಇಪ್ಪತ್ನಾಲ್ಕು. ಕುಷ್ಟಗಿ ಕಡೆಯ ಒಂದು ಮನೆಯಿಂದ ಸುದ್ದಿ ಬಂತು. ಹುಡುಗ ಸಾಲಿ ಮಾಸ್ತರ, ಶುಕ್ರವಾರ ಕನ್ಯಾ ನೋಡಲು ಬರುತ್ತಾರೆ. ಅತ್ತಿ ಆ ಮಾಸ್ತರನನ್ನು ಯಾವುದೋ ಮದುವೆಯಲ್ಲಿ ದೂರದಿಂದ ನೋಡಿದ್ದಳಂತೆ. ಆ ವಾರವೆಲ್ಲ ಜೋಳ ಬೀಸುವಾಗ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಆದರೆ ಆಯಿಗೆ ಸಮಾಧಾನವಿಲ್ಲ. ಕೂದಲು ಕಿತ್ತ ಜಾಗ ಎರಡು ದಿನ ಕೆಂಪಗೆ ಗುಳ್ಳೆಯೇಳುತ್ತದೆ, ಬಂದವರಲ್ಲಿ ಒಬ್ಬ ಹೆಂಗಸಾದರೂ ಹತ್ತಿರದಿಂದ ನೋಡೇ ನೋಡುತ್ತಾಳೆ. ಅವಳು ಕನಕಗಿರಿ ಸಂತೆಗೆ ಹೋಗಿ, ಗಿಡಮೂಲಿಕೆ ಮಾರುವವನ ಹತ್ತಿರ ಒಂದು ಹಳದಿ ಪುಡಿ ತಂದಳು. ಸುಣ್ಣದ ಜೊತೆ ಕಲಸಿ ಹಚ್ಚಿದರೆ ಕೂದಲು ಬೇರುಸಹಿತ ಉದುರುತ್ತದೆ ಎಂದು ಅವನು ಹೇಳಿದ್ದನಂತೆ. ಕಲಸಿದಾಗ ಅದರಿಂದ ಕೊಳೆತ ತತ್ತಿಯ ನಾತ ಬಂತು. ದಂದಕ್ಕಿಯ ಎತ್ತುಗಳು ಮೂಗು ಬುಸುಗುಟ್ಟಿಸಿ ಹಗ್ಗ ಜಗ್ಗಿದವು. ಇದು ಬೇಡ ಎಂದು ಹೇಳುವ ಧೈರ್ಯ ನನಗೆ ಎಲ್ಲಿತ್ತು.

ಗುರುವಾರ ಮುಂಜಾನೆ. ಆಯಿ ಅತ್ತಿಯನ್ನು ಬಚ್ಚಲಲ್ಲಿ ಮಣೆಯ ಮೇಲೆ ಕೂಡಿಸಿ, ನಾತಕ್ಕೆ ಕಣ್ಣು ಉರಿಯಬಾರದೆಂದು ಬಟ್ಟೆ ಕಟ್ಟಿ, ಗದ್ದ ದವಡೆಗೆಲ್ಲ ಅದನ್ನು ದಪ್ಪಗೆ ಮೆತ್ತಿದಳು. ಆಮೇಲೆ ಅಡುಗೆಮನೆಯಲ್ಲಿ ರೊಟ್ಟಿ ಹಿಟ್ಟಿಗೆ ಎಸರಿಟ್ಟು, ಒಲೆಯ ಪಕ್ಕ ತಣ್ಣೀರು ತುಂಬಿದ ತಂಬಿಗೆ ಇಟ್ಟು ನನ್ನನ್ನು ಕರೆದಳು. ಅಯ್ಯನವರ ಮನೆಗೆ ಹೋಗಿ ನಾಳೆ ಬರುವವರನ್ನು ಕೂಡಿಸುವ ಹೊತ್ತು ಯಾವುದೆಂದು ಕೇಳಿಕೊಂಡು ಬರಬೇಕಾಗಿತ್ತು ಅವಳಿಗೆ.

"ಎಸರಿನ ಮುಚ್ಚಳ ಕುಣದ ಕೂಡ್ಲೆ ಈ ತಂಬಗಿ ಒಯ್ದು ಅತ್ತಿ ಮಾರಿ ತೊಳಿ. ಒಂದ್ ಗಳಿಗಿ ಹೆಚ್ಚಾಗಬಾರದು. ಹಂಡೇದ ಬಿಸಿನೀರು ಮುಟ್ಟಬ್ಯಾಡ, ತೊಗಲು ಸುಲೀತೈತಿ. ಬಾಗಿಲದಾಗ ಯಾರನ್ನೂ ಬಿಡಬ್ಯಾಡ. ಹ್ಞೂಂ?"

"ಹ್ಞೂಂ ಆಯಿ."

ಆಯಿ ಓಣಿ ದಾಟಿರಲಿಕ್ಕಿಲ್ಲ, ನಿಂಗವ್ವ ಬಟ್ಟಲು ಹಿಡಿದು ಬಂದಳು. ಹೆಪ್ಪು ಬೇಕಿತ್ತು. ನಾನು ಓಡಿಹೋಗಿ ಗಡಿಗೆಯಿಂದ ಒಂದು ಚಮಚ ಮೊಸರು ತಂದು ಬಟ್ಟಲಿಗೆ ಹಾಕಿದೆ. ಅವಳು ಹೋಗಲಿಲ್ಲ. ಹೊಸ್ತಿಲ ಮೇಲೆ ಕುಂಡೆಯೂರಿ ಕುಳಿತು, ಮೂಗೇರಿಸಿ, ಏನೋ ನಾತ ಐತಲ್ಲ ಎಂದಳು. ಇಲಿ ಸತ್ತಿದೆ ಎಂದೆ. ಆಮೇಲೆ ಅವಳು ಯಲಬುರ್ಗಾದ ಕಡೆಗೆ ಕೊಟ್ಟಿದ್ದ ಒಬ್ಬ ಹುಡುಗಿಯ ಸುದ್ದಿ ತೆಗೆದಳು. ಮದುವೆಯಾದ ಮೂರನೇ ದಿನಕ್ಕೆ ಅವಳನ್ನು ಅತ್ತೆಮನೆಯವರು ಬಂಡಿಯಲ್ಲಿ ಕೂಡಿಸಿ ವಾಪಸು ಕಳಿಸಿದ್ದರಂತೆ.

"ಯಾಕ ಕಳಿಸಿದ್ರು?"

"ಅದನ್ನ ನಾ ಯಾರಿಗೂ ಹೇಳಂಗಿಲ್ಲ ತಗಿ. ನೀನೂ ಹೇಳಬ್ಯಾಡ ಮತ್ತ. ಇತ್ತಾಗ ಬಾ, ಕಿವ್ಯಾಗ ಹೇಳ್ತೀನಿ..."

ಇಲ್ಲಿ ನಾನು ಸತ್ಯ ಹೇಳಬೇಕು. ನಿಂಗವ್ವ ಹೋಗಲಿಲ್ಲ, ಸಣ್ಣ ಹುಡುಗಿ ಏನು ಮಾಡಿಯಾಳು ಎಂದು ಮನೆಯವರೆಲ್ಲ ಆಮೇಲೆ ನನ್ನನ್ನು ಕ್ಷಮಿಸಿದರು. ಆದರೆ ಬೆನ್ನ ಹಿಂದೆ ಅಡುಗೆಮನೆಯಲ್ಲಿ ಮುಚ್ಚಳ ಟಕಟಕ ಕುಣಿಯತೊಡಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಎಸರು ಉಕ್ಕಿ ಒಲೆಗೆ ಬಿದ್ದು ಚುಂಯ್ ಎಂದದ್ದೂ ಕೇಳಿಸಿತ್ತು. ತಂಬಿಗೆ ಹಿಡಿದು ಬಚ್ಚಲಿಗೆ ಹೊರಟರೆ ನಿಂಗವ್ವ ಯಾಕೆ ಎಂದು ಕೇಳುತ್ತಾಳೆ, ಅದು ಒಂದು. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿಯನ್ನು ಯಾಕೆ ಕಳಿಸಿದರು ಎಂಬುದು ನನಗೆ ಬೇಕಾಗಿತ್ತು. ಇದೊಂದು ಕೇಳಿಬಿಡುತ್ತೇನೆ, ಇದೊಂದು ಕೇಳಿಬಿಡುತ್ತೇನೆ ಎಂದು ಕುಳಿತೆ. ಬಚ್ಚಲಿನಿಂದ ಒಂದು ಸಪ್ಪಳವೂ ಬರಲಿಲ್ಲ. ಅತ್ತಿ ಎದ್ದು ಬರುವಂತಿರಲಿಲ್ಲ. ತಣ್ಣೀರಿದ್ದದ್ದು ಅಡುಗೆಮನೆಯಲ್ಲಿ, ಪಡಸಾಲೆ ದಾಟಿದರೆ ನಿಂಗವ್ವನ ಕಣ್ಣಿಗೆ ಬೀಳುತ್ತಾಳೆ. ಕೂಗಿದರೂ ಅಷ್ಟೇ. ನಿಂಗವ್ವ ಎದ್ದು, ಸೀರೆ ಝಾಡಿಸಿಕೊಂಡು, ಓಣಿಯ ತಿರುವಿನಲ್ಲಿ ಮರೆಯಾಗುವವರೆಗೆ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನಾನು ತಂಬಿಗೆ ಹಿಡಿದು ಓಡಿದಾಗ ಒಲೆ ಆರಿತ್ತು.

ಅತ್ತಿ ಮಣೆಯ ಮೇಲೆಯೇ ಕುಳಿತಿದ್ದಳು. ಸೆರಗಿನ ತುದಿಯನ್ನು ಬಾಯೊಳಗೆ ತುರುಕಿಕೊಂಡಿದ್ದಳು. ಕಾಲ್ಬೆರಳು ಎಷ್ಟು ಮಡಚಿಕೊಂಡಿದ್ದವೆಂದರೆ ಉಗುರು ಕಾಣುತ್ತಿರಲಿಲ್ಲ. ನೀರು ಹಾಕಿದೆ. ಹಳದಿಯ ಜೊತೆ ಕೂದಲೂ ಬಂತು, ತೊಗಲೂ ಬಂತು.

ಆಯಿ ಬಂದು ನೋಡಿ ಎದೆ ಬಡಿದುಕೊಂಡಳು, ಆದರೆ ಸದ್ದಾಗದಂತೆ. ಸಂಜೆಯೊಳಗೆ ಊರಿಗೆ ಹೇಳಲು ಒಂದು ಸುಳ್ಳು ಬೇಕಿತ್ತು. ಹಾಲು ಉಕ್ಕಿ ಮುಖಕ್ಕೆ ಸಿಡಿಯಿತು ಎಂದು ಆಯಿಯೇ ಹೇಳಿಕಳಿಸಿದಳು. ನಮ್ಮವರು ಮಾಡಿದ ದೊಡ್ಡ ತಪ್ಪೆಂದರೆ ಅದೇ. ಬಿಸಿನೀರು ಎಂದಿದ್ದರೂ ನಡೆಯುತ್ತಿತ್ತು. ಕನ್ಯಾ ನೋಡುವ ಹಿಂದಿನ ದಿನ ಶುಭದ ಹಾಲೇ ಉಕ್ಕಿ ಹುಡುಗಿಯ ಮುಖ ಸುಟ್ಟಿತೆಂದರೆ ಅದಕ್ಕಿಂತ ಕೆಟ್ಟ ಶಕುನ ಬೇಕೇ? ಮಾಸ್ತರನ ಮನೆಯವರು ದಾರಿಯಿಂದಲೇ ತಿರುಗಿದರು. ನಿಂಗವ್ವ ಲೊಚಗುಟ್ಟುತ್ತಲೇ ಆ ಸುದ್ದಿಯನ್ನು ಎಲ್ಲೆಲ್ಲಿಗೆ ಮುಟ್ಟಿಸಬೇಕೋ ಮುಟ್ಟಿಸಿದಳು. ಗಾಯ ಮಾಯಿತು, ಅತ್ತಿಯ ಎಡದವಡೆಯ ಮೇಲೆ ಅಂಗೈಯಷ್ಟು ಜಾಗ ಬೆಳ್ಳಗೆ, ಗಡುಸಾಗಿ ಉಳಿಯಿತು. ಆಮೇಲೆ ನಮ್ಮ ಹೊಸ್ತಿಲಿಗೆ ಕನ್ಯಾ ಕೇಳಿಕೊಂಡು ಒಬ್ಬನೂ ಬರಲಿಲ್ಲ. ಅತ್ತಿ ನಿಂಗವ್ವನ ಅಣಕವನ್ನು ಮತ್ತೆ ಯಾವತ್ತೂ ಮಾಡಲಿಲ್ಲ. ಕೆಟ್ಟದ್ದೆಂದರೆ, ಸುಟ್ಟ ಜಾಗದ ಸುತ್ತ, ಗದ್ದದ ಮೇಲೆ, ಮೂರನೇ ತಿಂಗಳಿಗೆ 'ಅದು' ಮತ್ತೆ ಬಂತು.

ಹದಿಮೂರಕ್ಕೆ ನಾನು ದೊಡ್ಡವಳಾದೆ. ಹದಿನಾಲ್ಕಕ್ಕೆ ಒಂದು ಮಧ್ಯಾಹ್ನ ಉಂಡು ಏಳುವಾಗ ಆಯಿ ನನ್ನ ಕೈ ಹಿಡಿದಳು.

"ಬಾ ಇಲ್ಲಿ. ಬೆಳಕಿಗೆ ಬಾ."

ಆ ಗಂಗಾಳದಷ್ಟು ಬಿಸಿಲಿನಲ್ಲಿ ಕುಳಿತೆ. ಅವಳ ಒರಟು ಹೆಬ್ಬೆರಳು ನನ್ನ ಗದ್ದದ ಮೇಲೆ ಹೋಯಿತು, ನಿಂತಿತು, ಮತ್ತೆ ಅದೇ ಜಾಗಕ್ಕೆ ಬಂತು. ಅವಳು ಎದ್ದು ಹೋಗಿ ಟ್ರಂಕಿನ ಬೀಗ ತೆಗೆದಳು. ಕನ್ನಡಿಯ ಹಿಂದೆ, ಅರಿವೆಯ ಗಂಟಿನಲ್ಲಿ, ಅದೇ ಪುಡಿ ಉಳಿದಿತ್ತು. ನಾಲ್ಕು ವರ್ಷ ಅದು ನನಗಾಗಿಯೇ ಕಾದು ಕುಳಿತಿತ್ತೇನೋ ಅನಿಸಿತು. 'ಈ ಸರ್ತಿ ನಾನ ಮುಂದ ಕುಂದ್ರತೀನಿ, ಹೆಚ್ಚ ಹೊತ್ತು ಬಿಡಂಗಿಲ್ಲ' ಎಂದು ಆಯಿ ಸುಣ್ಣದ ಡಬ್ಬಿ ತೆರೆದು ಬಟ್ಟಲಿನಲ್ಲಿ ಕಲಸತೊಡಗಿದಳು. ನಾನು ಎರಡೂ ಕೈಯಿಂದ ಗದ್ದ ಮುಚ್ಚಿಕೊಂಡೆ. ಅಷ್ಟರಲ್ಲಿ ಆ ನಾತ ಹಿಡಿದು ಅತ್ತಿ ಬಂದಳು. ಆಯಿಯ ಕೈಯಿಂದ ಬಟ್ಟಲು ಕಿತ್ತುಕೊಂಡು, ದಂದಕ್ಕಿ ದಾಟಿ, ಹೊರಗಿನ ತಿಪ್ಪೆಗೆ ಬಟ್ಟಲಸಮೇತ ಎಸೆದು ಬಂದಳು.

"ಅವ್ವಾ, ನನ್ನ ಮಾರಿ ಸುಟ್ಟಿ, ಸುಮ್ಮನಿದ್ದೆ. ಇಕಿ ಗದ್ದಕ್ಕ ಕೈ ಹಚ್ಚಿದ್ರ ಮಾತ್ರ ನಿನ್ನ ಕೈ ಮುರೀತೀನಿ."

"ನಿನ್ನಂಗ ಮನ್ಯಾಗ ಕೊಳೀಲಿ ಅಂತೀಯೇನು?"

"ಕೊಳೀಲಿ. ಸುಟ್ಟ ಹೆಣ ಆಗೂದು ಬ್ಯಾಡ."

ಮರುದಿನ ಅತ್ತಿ ಮುಖ ತುಂಬ ಸೆರಗು ಹೊದ್ದು ನನ್ನನ್ನು ಕರೆದುಕೊಂಡು ಗಂಗಾವತಿ ಬಸ್ಸು ಹತ್ತಿದಳು. ಚರ್ಮದ ಡಾಕ್ಟರ ಹೆಂಗಸೊಬ್ಬರು ಅಲ್ಲಿದ್ದಾರೆ ಎಂದು ಅಂಗನವಾಡಿ ತರಬೇತಿಗೆ ಹೋದಾಗ ಯಾರೋ ಅವಳಿಗೆ ಹೇಳಿದ್ದರು. ಅಷ್ಟೊತ್ತಿಗೆ ಅವಳು ಊರಿನ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಡಾಕ್ಟರು ಕಾರಟಗಿ ಕಡೆ ಆಂಧ್ರದವರು ಬಂದು ನೆಲೆಸಿದ ತೆಲುಗು ಕ್ಯಾಂಪಿನವರು, ಮಾತಿಗೊಮ್ಮೆ 'ಅಮ್ಮಾ' ಎನ್ನುವವರು. ನನ್ನ ಗದ್ದವನ್ನು ಮುಟ್ಟಲೇ ಇಲ್ಲ. 'ನೋಡಬಹುದಾ ಅಮ್ಮಾ?' ಎಂದು ನನ್ನನ್ನೇ ಕೇಳಿದರು. ಹಾಗೆ ಕೇಳಿದವರು ಅವರೇ ಮೊದಲಿಗರು. ರಕ್ತ ತಪಾಸಣೆ ಮಾಡಿಸಿ, ಇದು ಹಾರ್ಮೋನಿನ ಏರುಪೇರು, ಶಾಪವಲ್ಲ, ಗುಳಿಗೆ ಇದೆ ಎಂದರು. ಮೂಲೆಯಲ್ಲಿದ್ದ ಒಂದು ಸಣ್ಣ ಯಂತ್ರ ತೋರಿಸಿದರು. ಕೂದಲಿನಷ್ಟೇ ಸಣ್ಣ ಸೂಜಿಯನ್ನು ಒಂದೊಂದು ಕೂದಲಿನ ಬುಡಕ್ಕೆ ಇಳಿಸಿ, ಚೂರು ಕರೆಂಟು ಕೊಟ್ಟು ಬೇರನ್ನೇ ಸಾಯಿಸುತ್ತಾರೆ. ಹಲವು ಸಲ ಮಾಡಬೇಕು, ಆಮೇಲೆ ಆ ಕೂದಲು ಮತ್ತೆ ಹುಟ್ಟುವುದಿಲ್ಲ. ನನಗೆ ಹದಿನೆಂಟು ತುಂಬಿದ ಮೇಲೆ ನೋಡೋಣ ಎಂದರು. ಅತ್ತಿಯ ಕಡೆ ತಿರುಗಿ, 'ನೀವು ಕೂತುಕೊಳ್ಳಿ ಅಮ್ಮಾ' ಎಂದಾಗ ಅವಳು ಬಾಗಿಲ ಕಡೆ ಸರಿದಳು.

"ನಂದು ಮುಗದೈತ್ರಿ. ಇಕಿದು ನೋಡ್ರಿ."

ಪಿಯುಸಿ ಮುಗಿಸಿ ನಾನು ಅದೇ ದವಾಖಾನೆಗೆ ಚೀಟಿ ಬರೆಯುವ ಕೆಲಸಕ್ಕೆ ಸೇರಿದೆ. ಆಮೇಲೆ ಸೂಜಿ ಕುದಿಸುವುದು, ಆಮೇಲೆ ದೀಪ ಹಿಡಿಯುವುದು, ಎರಡು ವರ್ಷ ನೋಡಿದ ಮೇಲೆ ಸೂಜಿ ಹಿಡಿಯುವುದು. ಮೇಜಿನ ಮೇಲೆ ಮಲಗಿದ ಹೆಂಗಸರು ಬಾಯಿಬಿಡುತ್ತಿರಲಿಲ್ಲ. ಡಾಕ್ಟರು ಮುಖ ನೋಡುತ್ತಿದ್ದರು, ನಾನು ಅವರ ಕಾಲ್ಬೆರಳು ನೋಡುತ್ತಿದ್ದೆ. 'ಕರೆಂಟು ಇಳಿಸ್ರಿ ಮೇಡಂ, ಇವರಿಗೆ ಉರಿಯಾಕತ್ತೈತಿ' ಎಂದರೆ ಅವರಿಗೆ ಅಚ್ಚರಿ. ನಿನಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದರು. ನಾನು ದೀಪವನ್ನು ಇನ್ನಷ್ಟು ಹತ್ತಿರ ಹಿಡಿದೆ. ಈ ಕಸುಬಿಗೆ ನನ್ನನ್ನು ಎಳೆದು ತಂದದ್ದು ದಯೆ ಎಂದು ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ. ನನ್ನ ಬೆನ್ನ ಹಿಂದೆ ಮುಚ್ಚಳ ಕುಣಿಯುತ್ತಲೇ ಇತ್ತು, ಅಷ್ಟೇ.

ಆಯಿ ಸತ್ತದ್ದು ಆ ದಿನಗಳಲ್ಲಿ. ಒಂದು ವಾರ ಮಲಗಿ ಹೋದಳು. ಮೈತೊಳೆಯಲು ಅತ್ತಿ, ಅವ್ವ, ನಾನು. ಅವಳ ಮುಖಕ್ಕೆ ಯಾವಾಗಲೂ ದಪ್ಪಗೆ ಇರುತ್ತಿದ್ದ ಅರಿಷಿಣ ನೀರಿಗೆ ಹರಿದುಹೋಯಿತು. ಗದ್ದದ ತುಂಬ ಒಂದು ವಾರದ ಬಿಳಿ ಕೂದಲು, ಅದರ ಕೆಳಗೆ ಹಳೆಯ ಸುಟ್ಟ ಕಲೆ. ನಮ್ಮ ಮೂವರ ಕೈಯೂ ನಿಂತವು. ಜೀವನವಿಡೀ ಅವಳು ಯಾರಿಗೂ ಕಾಣದಂತೆ ತನ್ನದನ್ನು ತಾನೇ ಕಿತ್ತುಕೊಂಡಿದ್ದಳು. ಹೊರಗೆ ಮಂದಿ ಸೇರಿತ್ತು, ಎಲ್ಲರಿಗೂ ಮುಖ ಕಾಣುವಂತೆ ಹೆಣವನ್ನು ಕಟ್ಟೆಗೆ ಕೂಡಿಸುವ ಹೊತ್ತಾಗಿತ್ತು. ಅತ್ತಿ ಒಲೆಯಿಂದ ಹಿಡಿ ಬೂದಿ ತಂದಳು. ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದಾಗಿ ಕಿತ್ತಳು.

"ಬಾಗಲಾ ಕಾಯಿ," ಎಂದಳು ನನಗೆ. ಕಾದೆ.

ಈಗ ನನಗೆ ಐವತ್ತರ ಹತ್ತಿರ. ಗಂಗಾವತಿಯಲ್ಲಿ ಔಷಧಿ ಅಂಗಡಿಯೊಂದರ ಮೇಲೆ ಎರಡು ಕೋಣೆ ನನ್ನವು. ಲೇಸರ್ ಯಂತ್ರವೂ ಇದೆ, ಹಳೆಯ ಸೂಜಿಯೂ ಇದೆ. ಮೊಬೈಲಿನಲ್ಲಿ ನೋಡಿ ಯಾವುದೋ ಕ್ರೀಮು ಹಚ್ಚಿ ಮುಖ ಸುಟ್ಟುಕೊಂಡ ಹುಡುಗಿಯರನ್ನು ಇವತ್ತಿಗೂ ತಾಯಂದಿರು ಸೆರಗಿನಲ್ಲಿ ಮುಚ್ಚಿ ಕರೆತರುತ್ತಾರೆ. ನನ್ನ ಕೋಣೆಯ ಬಾಗಿಲಿಗೆ ಒಳಚಿಲಕವಿಲ್ಲ. ಮಲಗಿದವರಿಗೆಲ್ಲ ಒಂದೇ ಮಾತು ಹೇಳುತ್ತೇನೆ: ನೋವಾದರೆ ಕೂಗಬೇಕು. ಯಾರೂ ಕೂಗುವುದಿಲ್ಲ.

ಹೋದ ತಿಂಗಳು ಅತ್ತಿ ಬಂದಳು. ಅರವತ್ತೆರಡು ಈಗ, ನೌಕರಿ ಮುಗಿದಿದೆ, ಕಣ್ಣಿಗೆ ಪೊರೆ. ಇಷ್ಟು ವರ್ಷ ಬಾ ಎಂದು ಕರೆದು ಕರೆದು ನನಗೆ ಸಾಕಾಗಿತ್ತು. ಕುರ್ಚಿಯ ತುದಿಗೆ ಕುಳಿತು ಸೆರಗು ಸರಿಸಿದಳು.

"ಕಣ್ಣು ಕಾಣವಲ್ವು. ಕನ್ನಡಿ ಹಿಡಕೊಂಡ್ರೂ ಕೀಳಾಕ ಬರವಲ್ದು."

"ಅಷ್ಟಕ್ಕ ಬಂದೇನು?"

"ಅಷ್ಟ ಅಲ್ಲ. ಸತ್ತಾಗ ನಮ್ಮವ್ವಗ ನಾ ಇದ್ದೆ. ನನಗ ಯಾರದಾರ?"

ಲೇಸರಿಗೆ ಬಿಳಿ ಕೂದಲು ಕಾಣುವುದಿಲ್ಲ. ಸೂಜಿಯೇ ಬೇಕು. ಅವಳನ್ನು ಮೇಜಿನ ಮೇಲೆ ಮಲಗಿಸಿ, ಸುಟ್ಟ ಜಾಗ ಬಿಟ್ಟು ಗದ್ದದ ಮೇಲಿಂದ ಶುರು ಮಾಡಿದೆ. ದೀಪವನ್ನು ಅವಳ ಮುಖದ ಮೇಲೆ ತಿರುಗಿಸಿದಾಗ ಅದೇ ಗಂಗಾಳದಷ್ಟು ಬೆಳಕು ಬಿತ್ತು. ಮೂವತ್ತೆಂಟು ವರ್ಷ ನುಂಗಿಕೊಂಡದ್ದು ಆಗ ಬಾಯಿಗೆ ಬಂತು.

"ಅತ್ತಿ, ಆವತ್ತು ಎಸರು ಕುದ್ದದ್ದು ನನಗ ಕೇಳಿಸಿತ್ತು. ಮುಚ್ಚಳ ಕುಣದದ್ದು ಕೇಳಿಸಿತ್ತು. ನಿಂಗವ್ವನ ಮಾತು ಬಿಟ್ಟು ಏಳಾಕ ಮನಸಾಗ್ಲಿಲ್ಲ ನನಗ."

ಅತ್ತಿ ನನ್ನ ಕಡೆ ಮುಖ ತಿರುಗಿಸಿದಳು.

"ನನಗೂ ಕೇಳಿಸಿತ್ತಲ್ಲ ಹುಚ್ಚಿ. ಬಾಯಿ ಇದ್ದಾಕಿ ನಾನೂ ಇದ್ನಲ್ಲ. ಸೆರಗ ತುರುಕಿಕೊಂಡವರು ಯಾರು? ಸುಡೂದು ತಡಕೊಂಡೆ, ನಿಂಗಿ ಕಿವಿಗೆ ಬೀಳೂದು ತಡಕೊಳ್ಳಾಕ ಆಗ್ಲಿಲ್ಲ."

ನನ್ನ ಕಣ್ಣಿಗೆ ಸೂಜಿ ಮಸುಕಾಯಿತು. ಒರೆಸಿಕೊಂಡು ಮತ್ತೆ ಬಾಗಿದೆ. ಎರಡನೆಯ ಕೂದಲು, ಮೂರನೆಯದು. ಅಭ್ಯಾಸದಂತೆ ಕಾಲ ಕಡೆ ನೋಡಿದೆ. ಬೆರಳು ಒಳಕ್ಕೆ ಮಡಚಿಕೊಂಡಿದ್ದವು, ಉಗುರು ಕಾಣುತ್ತಿರಲಿಲ್ಲ. ಸೂಜಿ ಹಿಂದಕ್ಕೆ ತೆಗೆದೆ.

"ಅತ್ತಿ, ಕೂಗು."

"ಹೊರಗ ಮಂದಿ ಅದಾರ."

"ಇರ್ಲಿ. ಕೂಗದಿದ್ರ ನಾ ಮಾಡಂಗಿಲ್ಲ."

ನಾಲ್ಕನೆಯ ಕೂದಲಿಗೆ ಸೂಜಿ ಇಳಿಸಿದೆ. ಅತ್ತಿಯ ಗಂಟಲಿನಿಂದ ಮೊದಲು ಒಂದು ಮುಲುಕು ಬಂತು, ಆಮೇಲೆ ಬಾಯಿ ತೆರೆಯಿತು.

"ಯವ್ವಾ! ಉರೀತೈತಿ ಬೇ! ಉರೀತೈತಿ!"

ಎರಡು ಕೋಣೆ ತುಂಬುವಷ್ಟು ಕೂಗು. ಹೊರಗೆ ಕುರ್ಚಿಗಳು ಸರಿದ ಸದ್ದಾಯಿತು, ಯಾರೋ ಓಡಿಬಂದು ಬಾಗಿಲು ಬಡಿದರು.

"ಏನಾತ್ರಿ ಅಕ್ಕಾರ? ಯಾರಿಗೇನಾತು?"

ನನ್ನ ಕೈ ತಾನಾಗಿಯೇ ಬಾಗಿಲನ್ನು ಒತ್ತಿ ಹಿಡಿಯಲು ಹೋಯಿತು. ಅತ್ತಿ ಮೇಜಿನ ಮೇಲಿಂದಲೇ, ಸೆರಗು ಎಳೆದುಕೊಳ್ಳದೆ, ಉತ್ತರ ಕೊಟ್ಟಳು.

"ಏನಿಲ್ಲ, ಬರ್ರಿ ಒಳಗ. ಗದ್ದದ ಕೂದಲಾ ತಗಸಾಕತ್ತೀನಿ. ನೋಡ್ರಿ ಬೇಕಾದ್ರ."

ನಾನು ಬಾಗಿಲು ತೆರೆದೆ.